ಮಾಟುಂಗಾ: ಒಂದು ಬಡಾವಣೆಯ ಸ್ವರೂಪ ಮತ್ತು ಚರಿತ್ರೆ

೧

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಿಗೆ ಮಾಟುಂಗಾ ಎಂಬ ಹೆಸರು ಅಪರಿಚಿತವೇನಲ್ಲ. ಬಾಳೆಯೆಲೆ ಬೇಕಾದರೆ, ಮಂಗಳೂರು ಸೌತೆ ಬೇಕಾದರೆ, ವ್ರತ-ಹೋಮಗಳಿಗೆ ಪುರೋಹಿತರು ಬೇಕಾದರೆ, ಕನ್ನಡ ನಾಟಕವೊಂದನ್ನು ನೋಡಬೇಕಾದರೆ ನಾವು ಅಲ್ಲಿಗೆ ಹೋಗುತ್ತೇವೆ. ಕೆಲಸ ಮುಗಿದೊಡನೆ ರೈಲು ಹಿಡಿದು ಹಿಂತಿರುಗುತ್ತೇವೆ. ಇಷ್ಟು ಬಳಕೆಯ ಸ್ಥಳಕ್ಕೂ ಒಂದು ಚರಿತ್ರೆಯುಂಟೆಂಬುದು ನಮ್ಮಲ್ಲಿ ಹಲವರಿಗೆ ಹೊಳೆಯುವುದಿಲ್ಲ. ಅಲ್ಲಿ ಕೋಟೆಯಿಲ್ಲ, ಗುಹಾಲಯವಿಲ್ಲ, ವೀರಗಲ್ಲಿಲ್ಲ. ಚರಿತ್ರೆಯೆಂದರೆ ಶಿಲೆ ಮತ್ತು ತಾಮ್ರಪಟ ಎಂದು ಬಗೆದವರಿಗೆ ಮಾಟುಂಗಾ ಬರಿಯ ಪೇಟೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಆದರೆ ನಗರಗಳಿಗೂ ತಮ್ಮದೇ ಆದ ಶಾಸನಗಳಿರುತ್ತವೆ. ಬೀದಿಯ ಹೆಸರು ಒಂದು ಶಾಸನ. ಎರಡು ಕಟ್ಟಡಗಳ ನಡುವೆ ಬಿಟ್ಟ ತೆರಪು ಇನ್ನೊಂದು. ಅಂಗಡಿಯ ಮುಂದೆ ಒಟ್ಟಿದ ಸರಕು ಮತ್ತೊಂದು. ಇವನ್ನು ಓದುವುದಕ್ಕೆ ಕಾಲ್ನಡಿಗೆಯೇ ತಕ್ಕ ಸಾಧನ. ವಾಹನದಲ್ಲಿ ಹೋಗುವವನಿಗೆ ಬೀದಿಯು ದಾರಿ ಮಾತ್ರ. ನಡೆಯುವವನಿಗೆ ಅದು ಗ್ರಂಥ. ಪ್ರಸ್ತುತ ಲೇಖನದಲ್ಲಿ, ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಿಂದ ಹೊರಟು, ಪೂರ್ವದ ಬೀದಿಗಳಲ್ಲಿ ಸುತ್ತಿ, ಹಿಂದೆ ಕಿಂಗ್ಸ್ ಸರ್ಕಲ್ ಎಂದೂ ಈಗ ಮಹೇಶ್ವರಿ ಉದ್ಯಾನವೆಂದೂ ಕರೆಯಲ್ಪಡುವ ವೃತ್ತವನ್ನು ಮುಟ್ಟಿ, ಐದು ತೋಟಗಳ ಕಡೆಗೆ ಇಳಿಯುವ ಒಂದು ನಡಿಗೆಯಲ್ಲಿ ಕಣ್ಣಿಗೆ ಬೀಳುವ ಸಂಗತಿಗಳನ್ನು ಅವುಗಳ ಕಾರಣಗಳೊಡನೆ ವಿವರಿಸಲು ಯತ್ನಿಸಲಾಗಿದೆ.

೨

ಮೊದಲು ಹೆಸರಿನ ವಿಚಾರ. ‘ಮಾಟುಂಗಾ’ ಎಂಬುದು ಸಂಸ್ಕೃತದ ‘ಮಾತಂಗ’ ಶಬ್ದದಿಂದ ಬಂದಿತೆಂದೂ, ಮಾಹಿಮಿನಲ್ಲಿ ಆಳುತ್ತಿದ್ದ ಭೀಮದೇವನೆಂಬ ಅರಸನ ಆನೆಲಾಯವು ಇಲ್ಲಿದ್ದಿತೆಂದೂ ಜನಜನಿತವಾದ ಐತಿಹ್ಯವಿದೆ. ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸುವುದು ಲೇಸು. ಇದಕ್ಕಿಂತ ದೃಢವಾದ ನೆಲೆ ನೆರೆಯೂರಿನ ಹೆಸರಿಗಿದೆ. ಮಾಟುಂಗಾದ ಉತ್ತರಕ್ಕಿರುವ ‘ಸಾಯನ್’ ಎಂಬುದು ಮರಾಠಿಯ ‘ಶೀವ’ ಎಂಬುದರ ವಿಕೃತ ರೂಪ. ಶೀವ ಎಂದರೆ ಊರಿನ ಎಲ್ಲೆ. ಸಂಸ್ಕೃತದ ‘ಸೀಮಾ’ ಅದರ ಮೂಲ. ನಾವು ‘ಸೀಮೆ’ ಎಂದು ಹೇಳುವ ಶಬ್ದಕ್ಕೂ ಅದಕ್ಕೂ ತಾಯಿ ಒಂದೇ. ಮುಂಬಯಿ ದ್ವೀಪ ಮುಗಿಯುತ್ತಿದ್ದ ಸ್ಥಳ ಅದು. ಆದ್ದರಿಂದ ಮಾಟುಂಗಾ ಎಂದರೆ ಎಲ್ಲೆಯ ಒಳಮಗ್ಗುಲಿನ ಊರು, ನಗರದ ಅಂಚಿನ ನೆಲ. ಈ ಅಂಚುತನವೇ ಅದರ ಹಳೆಯ ಚರಿತ್ರೆಯ ಸೂತ್ರ.

ಊರ ಅಂಚಿನಲ್ಲಿ ಜನರು ಏನನ್ನಿಡುತ್ತಾರೆ? ಒಳಗೆ ಬೇಡವಾದುದನ್ನು ಇಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಟುಂಗಾ ಫಿರಂಗಿ ದಳದ ಬಿಡಾರವಾಗಿದ್ದಿತು. ೧೮೯೦ರಲ್ಲಿ ನಗರದ ಬೀದಿಗಳಲ್ಲಿ ಅಲೆಯುತ್ತಿದ್ದ ನಿರ್ಗತಿಕ ಕುಷ್ಠರೋಗಿಗಳಿಗಾಗಿ ಇಲ್ಲಿ ಒಂದು ಆಶ್ರಯಧಾಮ ಸ್ಥಾಪಿತವಾಯಿತು. ಅದನ್ನು ಸ್ಥಾಪಿಸಿದವನು ಆಗಿನ ಪುರಸಭಾ ಆಯುಕ್ತನಾದ ಹ್ಯಾರಿ ಆಕ್‌ವರ್ತ್. ಆ ಸಂಸ್ಥೆಯು ವಡಾಳದ ಮಗ್ಗುಲಲ್ಲಿ ಅವನ ಹೆಸರಿನ ಆಸ್ಪತ್ರೆಯಾಗಿ ಇಂದಿಗೂ ಉಳಿದಿದೆ. ಈ ಆಕ್‌ವರ್ತನೇ ಮರಾಠಿ ಪೋವಾಡಗಳನ್ನು ಸಂಗ್ರಹಿಸಿ, ಅವುಗಳ ಇಂಗ್ಲಿಷ್ ಅನುವಾದವನ್ನು ೧೮೯೪ರಲ್ಲಿ ಪ್ರಕಟಿಸಿದವನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟನು ನಮ್ಮ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕಿಗೆ ತಂದುದನ್ನು ವಾಚಕರು ಸ್ಮರಿಸಬಹುದು. ಒಂದೇ ಆಡಳಿತದ ಇಬ್ಬರು ಅಧಿಕಾರಿಗಳು, ಎರಡು ಭಾಷೆಗಳ ಜನಪದ ವಾಙ್ಮಯಕ್ಕೆ ಏಕಕಾಲದಲ್ಲಿ ಕಿವಿಗೊಟ್ಟರು. ಮಾಟುಂಗಾದ ಚರಿತ್ರೆಯಲ್ಲಿ ಕನ್ನಡ-ಮರಾಠಿಗಳು ಹೀಗೆ ಪಕ್ಕಪಕ್ಕದಲ್ಲಿ ನಡೆಯುವುದನ್ನು ಮುಂದೆಯೂ ಕಾಣುವೆವು.

ಹಳೆಯ ಹಳ್ಳಿಯ ಕುರುಹಾಗಿ ಉಳಿದಿರುವುದು ಮರುಬಾಯಿ ಎಂಬ ಗ್ರಾಮದೇವತೆಯ ಗುಡಿ. ಸುತ್ತಲೂ ಗದ್ದೆಗಳು ಹೋಗಿ ಬೀದಿಗಳಾದರೂ, ಬೀದಿಗಳ ಇಕ್ಕೆಲಗಳಲ್ಲಿ ಮನೆಗಳೆದ್ದರೂ ಗಾಂವದೇವಿ ಕದಲಲಿಲ್ಲ. ಅವಳ ಹೆಸರನ್ನು ಕೇಳಿದ ಕನ್ನಡಿಗನಿಗೆ ತನ್ನೂರ ಮಾರಿಯಮ್ಮ ನೆನಪಾಗುವುದು ಸಹಜ. ಆದರೆ ಧ್ವನಿಸಾಮ್ಯವೊಂದೇ ಸಂಬಂಧಕ್ಕೆ ಪ್ರಮಾಣವಾಗಲಾರದು. ಇಷ್ಟನ್ನು ಮಾತ್ರ ಹೇಳಬಹುದು: ಈ ಬಡಾವಣೆಯಲ್ಲಿ ಎಲ್ಲರಿಗಿಂತ ಹಿರಿಯ ನಿವಾಸಿ ಅವಳು, ಮಿಕ್ಕವರೆಲ್ಲ ವಲಸೆ ಬಂದವರು.

೩

ಈಗಿನ ಮಾಟುಂಗಾ ತಾನಾಗಿ ಬೆಳೆದ ಊರಲ್ಲ. ಉದ್ದೇಶಪೂರ್ವಕವಾಗಿ ನಿರ್ಮಿಸಿದ ಬಡಾವಣೆ. ಅದರ ಜನ್ಮಕ್ಕೆ ಕಾರಣವಾದುದು ಒಂದು ಮಹಾಮಾರಿ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಸಾವಿರಗಟ್ಟಲೆಯಾಗಿ ಸತ್ತರು. ಬದುಕಿದವರು ಲಕ್ಷಗಟ್ಟಲೆಯಾಗಿ ನಗರವನ್ನು ತೊರೆದರು. ಇಲಿಯ ಚಿಗಟದಿಂದ ರೋಗ ಹರಡುವುದೆಂಬ ತತ್ತ್ವವು ಆಗ ಇನ್ನೂ ಸಿದ್ಧವಾಗಿರಲಿಲ್ಲ. ಇಕ್ಕಟ್ಟು, ಕತ್ತಲೆ, ಕೆಟ್ಟ ಗಾಳಿ, ಕೊಳಚೆ ಇವೇ ಪ್ಲೇಗಿನ ಮೂಲವೆಂದು ಆಡಳಿತಗಾರರು ಭಾವಿಸಿದರು. ಆ ಭಾವನೆಯ ಫಲವಾಗಿ ೧೮೯೮ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ನಗರಸುಧಾರಣಾ ಮಂಡಲಿ ಶಾಸನಬದ್ಧವಾಗಿ ಹುಟ್ಟಿತು. ೧೯೩೩ರಲ್ಲಿ ಪುರಸಭೆಯಲ್ಲಿ ಲೀನವಾಗುವವರೆಗೆ ಅದು ಎರಡು ಬಗೆಯ ಕೆಲಸಗಳನ್ನು ಮಾಡಿತು. ಹಳೆಯ ನಗರದ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆ ಮೊದಲಾದ ಅಗಲವಾದ ದಾರಿಗಳನ್ನು ತೆರೆದುದು ಒಂದು. ಉತ್ತರದ ಗದ್ದೆ-ತೋಟಗಳನ್ನು ಕೊಂಡು ದಾದರ, ಮಾಟುಂಗಾ, ವಡಾಳ, ಸಾಯನ್ ಪ್ರದೇಶಗಳಲ್ಲಿ ಹೊಸ ಬಡಾವಣೆಗಳನ್ನು ರೂಪಿಸಿದುದು ಎರಡನೆಯದು.

ತಪ್ಪು ಕಾರಣದಿಂದ ಒಳ್ಳೆಯ ಊರೊಂದು ಹುಟ್ಟಿದುದಕ್ಕೆ ಮಾಟುಂಗಾ ನಿದರ್ಶನ. ಗಾಳಿ-ಬೆಳಕುಗಳಿಗೆ ಟ್ರಸ್ಟು ಕೊಟ್ಟ ಪ್ರಾಧಾನ್ಯವನ್ನು ಇಲ್ಲಿನ ಹಳೆಯ ಬೀದಿಗಳಲ್ಲಿ ಇಂದಿಗೂ ಅಳೆಯಬಹುದು. ಟ್ರಸ್ಟಿನ ಅಧ್ಯಕ್ಷನಾಗಿದ್ದ ಜೆ. ಪಿ. ಆರ್ ಎಂಬವನು ೧೯೧೨ರಲ್ಲಿ ಮುಂಬಯಿಯ ವಸತಿಗಳ ಗಾಳಿ-ಬೆಳಕನ್ನು ಕುರಿತು ಉಪನ್ಯಾಸವಿತ್ತನು. ಅವನು ಪ್ರತಿಪಾದಿಸಿದ ನಿಯಮವು ‘ಅರವತ್ತಮೂರೂವರೆ ಅಂಶದ ನಿಯಮ’ವೆಂದು ಹೆಸರಾಯಿತು. ಕೋಣೆಯ ಹೊರಗೋಡೆಯ ಬುಡದಿಂದ ನೆಲಮಟ್ಟಕ್ಕೆ ೬೩½ ಅಂಶ ಕೋನದಲ್ಲಿ ಒಂದು ರೇಖೆಯನ್ನೆಳೆದರೆ, ಅದು ಎದುರಿನ ಕಟ್ಟಡವನ್ನು ತಾಕದೆ ಆಕಾಶವನ್ನು ಕಾಣಬೇಕು ಎಂಬುದೇ ಅದರ ಸಾರಾಂಶ. ಗಣಿತಜ್ಞರಲ್ಲದವರಿಗೆ ಇದನ್ನು ಸರಳವಾಗಿ ಹೀಗೆ ಹೇಳಬಹುದು: ಎದುರಿನ ಕಟ್ಟಡವು ೪೦ ಅಡಿ ಎತ್ತರವಿದ್ದರೆ ನಡುವಿನ ತೆರಪು ಸುಮಾರು ೨೦ ಅಡಿಯಾದರೂ ಇರಬೇಕು, ಎತ್ತರದ ಅರ್ಧದಷ್ಟು ಅಗಲ. ಸಂದೇಹವಿದ್ದವರು ಮಾಟುಂಗಾದ ಯಾವುದಾದರೂ ಹಳೆಯ ಬೀದಿಯಲ್ಲಿ ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ ನಿಂತು ತಲೆಯೆತ್ತಿ ನೋಡಲಿ. ಗಿರಗಾಂವಿನಲ್ಲಿಯೋ ಭುಲೇಶ್ವರದಲ್ಲಿಯೋ ಕಾಣದ ಒಂದು ಅಗಲವಾದ ಆಕಾಶದ ಪಟ್ಟಿ ಅಲ್ಲಿ ಕಾಣುತ್ತದೆ. ಅದು ಆಕಸ್ಮಿಕವಲ್ಲ.

ಐದು ತೋಟಗಳೂ, ಅವುಗಳ ಸುತ್ತಣ ಪಾರಸಿ ವಸತಿಯೂ ಇದೇ ಯೋಜನೆಯ ಅಂಗಗಳು. ಮಂಚೇರ್ಜಿ ಜೋಶಿ ಎಂಬ ಇಂಜಿನಿಯರರು ಟ್ರಸ್ಟಿನೊಡನೆ ವ್ಯವಹರಿಸಿ, ಮಧ್ಯಮವರ್ಗದ ಪಾರಸಿ ಕುಟುಂಬಗಳಿಗಾಗಿ ನೂರಕ್ಕೂ ಮಿಗಿಲಾದ ನಿವೇಶನಗಳನ್ನು ದೊರಕಿಸಿಕೊಟ್ಟರು. ಅವರ ಪ್ರತಿಮೆ ಅಲ್ಲಿದೆ. ಅದರ ಮಗ್ಗುಲಲ್ಲೇ ಹಿಂದೂ ಕಾಲನಿ. ೧೮೮೭ರಲ್ಲಿ ಬೇರೆಡೆ ಸ್ಥಾಪಿತವಾಗಿದ್ದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯ, ಅಂದರೆ ಈಗಿನ ವೀರಮಾತಾ ಜೀಜಾಬಾಯಿ ಸಂಸ್ಥೆ, ೧೯೨೩ರಲ್ಲಿ ಮಾಟುಂಗಾಕ್ಕೆ ಬಂದಿತು. ೧೯೩೭ರಲ್ಲಿ ರೂಯಿಯಾ ಮತ್ತು ಖಾಲ್ಸಾ ಕಾಲೇಜುಗಳು ಆರಂಭವಾದುವು. ಹೀಗೆ ಒಂದು ತಲೆಮಾರಿನ ಅವಧಿಯಲ್ಲಿ ಅಂಚಿನ ನೆಲವು ವಿದ್ಯಾಪೀಠದ ನೆಲವಾಯಿತು.

ಆದರೆ ಒಂದು ಮಾತನ್ನು ಇಲ್ಲಿ ಮರೆಯಲಾಗದು. ಪ್ಲೇಗಿನ ನೆಪದಲ್ಲಿ ಮನೆ ಕಳೆದುಕೊಂಡ ಬಡವರು ಈ ಬಡಾವಣೆಗೆ ಬರಲಿಲ್ಲ. ಅವರ ಕೂಲಿಯ ಕೆಲಸ ಬಂದರಿನಲ್ಲಿಯೂ ಗಿರಣಿಗಳಲ್ಲಿಯೂ ಇದ್ದಿತು. ಇಲ್ಲಿನ ಬಾಡಿಗೆ ಅವರ ಕೈಗೆ ಎಟಕುವಂತಿರಲಿಲ್ಲ. ಅವರ ಹೆಸರಿನಲ್ಲಿ ತೆರೆದ ಗಾಳಿ-ಬೆಳಕನ್ನು ಅನುಭವಿಸಲು ಬಂದವರು ಬೇರೆ ಜನ. ಆ ಬೇರೆ ಜನರಲ್ಲಿ ನಮ್ಮ ಹಿರಿಯರೂ ಸೇರಿದ್ದರು.

೪

ನಡಿಗೆಯನ್ನು ಮುಂದುವರಿಸೋಣ. ಮಾಟುಂಗಾದ ಬೀದಿಗಳ ಹೆಸರುಗಳನ್ನು ಗಮನಿಸಿದವನಿಗೆ ಒಂದು ವಿಶೇಷ ತೋರದಿರದು. ಭಾವೂ ದಾಜಿ ರಸ್ತೆ, ತೆಲಂಗ ರಸ್ತೆ, ಭಾಂಡಾರಕರ ರಸ್ತೆ, ಚಂದಾವರಕರ ರಸ್ತೆ: ಇವು ಸೇನಾಪತಿಗಳ ಅಥವಾ ಗವರ್ನರರ ಹೆಸರುಗಳಲ್ಲ, ವಿದ್ವಾಂಸರ ಹೆಸರುಗಳು. ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಪಾಂಡಿತ್ಯದ ಒಂದು ಅನುಕ್ರಮಣಿಕೆಯೇ ಇಲ್ಲಿ ಬೀದಿಬೀದಿಯಾಗಿ ಹರಡಿದೆ. ತರಕಾರಿಯ ಚೀಲವನ್ನು ಹಿಡಿದು ಈ ಬೀದಿಗಳಲ್ಲಿ ನಾವು ಎಷ್ಟು ಸಲ ನಡೆದಿಲ್ಲ! ಆದರೆ ಈ ಹೆಸರುಗಳಿಗೂ ಕರ್ಣಾಟಕದ ಇತಿಹಾಸಕ್ಕೂ ಇರುವ ನಂಟನ್ನು ಎಷ್ಟು ಮಂದಿ ನೆನೆದಿದ್ದೇವೆ?

ಭಾವೂ ದಾಜಿ ಲಾಡರು (ಮರಣ ೧೮೭೪) ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಪ್ರಾಚ್ಯಶೋಧಕರು. ಅಜಂತೆಯ ಶಾಸನಗಳನ್ನು ಓದಿದ ಮೊದಲಿಗರಲ್ಲಿ ಅವರೊಬ್ಬರು. ಕಾಶೀನಾಥ ತ್ರ್ಯಂಬಕ ತೆಲಂಗರು (೧೮೫೦-೧೮೯೩) ಮುಂಬಯಿಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು, ಮುಂಬಯಿ ವಿಶ್ವವಿದ್ಯಾಲಯದ ಮೊದಲ ಭಾರತೀಯ ಉಪಕುಲಪತಿಗಳು. ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದು ಮ್ಯಾಕ್ಸ್ ಮುಲ್ಲರನ ಪ್ರಾಚ್ಯ ಪವಿತ್ರಗ್ರಂಥಮಾಲೆಯಲ್ಲಿ ೧೮೮೨ರಲ್ಲಿ ಪ್ರಕಟಿಸಿದವರು. ಕದಂಬರ ತಾಮ್ರಪಟಗಳನ್ನು ಕುರಿತೂ ಅವರು ಬರೆದಿದ್ದಾರೆ. ರಾಮಕೃಷ್ಣ ಗೋಪಾಲ ಭಾಂಡಾರಕರರ (೧೮೩೭-೧೯೨೫) ವಿಷಯವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ೧೮೮೪ರಲ್ಲಿ ಪ್ರಕಟವಾದ ಅವರ ದಕ್ಷಿಣಾಪಥದ ಪ್ರಾಚೀನ ಇತಿಹಾಸವು ಬಾದಾಮಿಯ ಚಾಲುಕ್ಯರನ್ನೂ ಮಾನ್ಯಖೇಟದ ರಾಷ್ಟ್ರಕೂಟರನ್ನೂ ಕ್ರಮಬದ್ಧವಾಗಿ ವಿದ್ವಲ್ಲೋಕದ ಮುಂದಿಟ್ಟ ಗ್ರಂಥ. ನಮ್ಮ ರಾಜವಂಶಗಳ ಚರಿತ್ರೆಯನ್ನು ಬರೆದವರೆಲ್ಲರೂ ಆ ಗ್ರಂಥದ ಋಣಿಗಳು.

ನಾಲ್ಕನೆಯ ಹೆಸರು ನಮಗೆ ಇನ್ನೂ ಸಮೀಪದ್ದು. ಸರ್ ನಾರಾಯಣ ಗಣೇಶ ಚಂದಾವರಕರರು (೧೮೫೫-೧೯೨೩) ಹುಟ್ಟಿದ್ದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ. ಅವರು ಮುಂಬಯಿಗೆ ಬಂದು ನ್ಯಾಯವಾದಿಗಳಾಗಿ, ನ್ಯಾಯಾಧೀಶರಾಗಿ, ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಪ್ರಾರ್ಥನಾ ಸಮಾಜದ ನಾಯಕರಾಗಿ ಬೆಳೆದರು. ೧೯೦೦ರಲ್ಲಿ ಲಾಹೋರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ದಕ್ಷಿಣದಿಂದ ಗುಮಾಸ್ತರ ತಂಡಗಳು ಮಾಟುಂಗಾಕ್ಕೆ ಬರುವ ಎಷ್ಟೋ ವರ್ಷಗಳ ಮೊದಲೇ ಕನ್ನಡನಾಡಿನ ಕರಾವಳಿಯ ಮಗನೊಬ್ಬನು ಈ ನಗರದ ಬೌದ್ಧಿಕ ಜೀವನದ ಅಗ್ರಪಂಕ್ತಿಯಲ್ಲಿದ್ದನು. ಅವನು ಇಲ್ಲಿ ಅತಿಥಿಯಾಗಿರಲಿಲ್ಲ, ಮನೆಯವನಾಗಿದ್ದನು.

ಈ ‘ಮನೆಯವನು’ ಎಂಬ ಮಾತನ್ನು ತೂಗಿ ನೋಡಬೇಕು. ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆ ಮೊದಲೇ ಮುಂಬಯಿಗೆ ಸೇರಿದ್ದುವು. ಎಂದರೆ ಒಂದು ಶತಮಾನದಷ್ಟು ಕಾಲ ಈ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿ. ಉಚ್ಚ ನ್ಯಾಯಾಲಯ ಇಲ್ಲಿ, ಸಚಿವಾಲಯ ಇಲ್ಲಿ, ವಿಶ್ವವಿದ್ಯಾಲಯ ಇಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವೂ ೧೯೪೯ರಲ್ಲಿ ಮೊದಲು ಮುಂಬಯಿಯಲ್ಲಿಯೇ ಕಣ್ದೆರೆದು, ಮರುವರ್ಷ ಧಾರವಾಡಕ್ಕೆ ಹೋಯಿತು. ೧೯೫೬ರ ನವೆಂಬರ್ ೧ರಂದು ಏಕೀಕರಣವು ಸಿದ್ಧಿಸಿದಾಗ ನಮ್ಮ ನಾಡು ಒಂದಾಯಿತು; ಅದೇ ದಿನ ಮುಂಬಯಿಯ ಕನ್ನಡಿಗನು ‘ಹೊರನಾಡ’ವನಾದನು. ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಎಲ್ಲೆಯೇ ಅವನನ್ನು ದಾಟಿಹೋಗಿದ್ದಿತು. ಏಕೀಕರಣಕ್ಕಾಗಿ ಹಂಬಲಿಸಿದವರೇ ಅದರ ಫಲದಿಂದ ಹೊರಗುಳಿದ ಈ ವಿಚಿತ್ರವನ್ನು ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಲಕ್ಷಿಸಬೇಕು.

೫

ಇನ್ನು ಮನೆಗಳತ್ತ ನೋಡೋಣ. ಮೊದಲನೆಯ ಮಹಾಯುದ್ಧದಿಂದ ಹಿಂದೆ ಬಿದ್ದ ನಿರ್ಮಾಣವು ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ಚುರುಕಾಯಿತು. ಕಬ್ಬಿಣ-ಸಿಮೆಂಟಿನ ಕಾಂಕ್ರೀಟು ಬಳಕೆಗೆ ಬಂದ ಕಾಲವದು. ದುಂಡಗೆ ಬಾಗಿದ ಬಾಲ್ಕನಿಗಳು, ಕಿಟಕಿಯ ಮೇಲೆ ಉದ್ದಕ್ಕೆ ಚಾಚಿದ ಗಚ್ಚಿನ ರೆಪ್ಪೆಗಳು, ಮೆಟ್ಟಿಲಸಾಲಿನ ನೆತ್ತಿಯಲ್ಲಿ ಬರೆದ ಕಟ್ಟಡದ ಹೆಸರು ಇವು ಆ ಕಾಲದ ಲಕ್ಷಣಗಳು. ಆದರೆ ಹೊರಗಿನ ಅಲಂಕಾರಕ್ಕಿಂತ ಒಳಗಿನ ವ್ಯವಸ್ಥೆ ಮುಖ್ಯವಾದುದು. ಹಳೆಯ ಚಾಳಿನಲ್ಲಿ ಒಂದು ಕುಟುಂಬಕ್ಕೆ ಒಂದೋ ಎರಡೋ ಕೋಣೆ. ನಲ್ಲಿಯೂ ಪಾಯಿಖಾನೆಯೂ ಎಲ್ಲರಿಗೂ ಸೇರಿ. ಮಾಟುಂಗಾದಲ್ಲಿ ಮೊದಲ ಬಾರಿಗೆ ಮಧ್ಯಮವರ್ಗದ ಸಂಸಾರಕ್ಕೆ ಅಡಿಗೆಮನೆ, ಬಚ್ಚಲು, ಪಾಯಿಖಾನೆಗಳೆಲ್ಲ ಒಂದೇ ಬಾಗಿಲೊಳಗೆ ಅಡಕವಾದ ‘ಫ್ಲ್ಯಾಟು’ ವಿಪುಲವಾಗಿ ದೊರೆಯಿತು.

ಇಂದು ನಮಗೆ ಸಾಮಾನ್ಯವೆನಿಸುವ ಈ ವ್ಯವಸ್ಥೆಯು ಅಂದು ಸಮಸ್ಯೆಯಾಗಿದ್ದಿತು. ಮಡಿ-ಮೈಲಿಗೆಗಳನ್ನು ಪಾಲಿಸುವ ಮನೆತನದವರು ಅಡಿಗೆಮನೆಯಿರುವ ಸೂರಿನಡಿಯಲ್ಲಿಯೇ ಪಾಯಿಖಾನೆಯನ್ನು ಒಪ್ಪಬಲ್ಲರೆ? ಅದನ್ನು ಮನೆಯ ಹಿಂಬದಿಯ ತುದಿಗೆ ತಳ್ಳುವ ವಿನ್ಯಾಸಗಳು ಈ ಸಂಕೋಚದಿಂದ ಹುಟ್ಟಿದುವು. ಮುಂಬಯಿಯ ಹಳೆಯ ಕಟ್ಟಡಗಳ ಬೆನ್ನಿಗೆ ಅಂಟಿಕೊಂಡ ಕಬ್ಬಿಣದ ಸುರುಳಿ ಮೆಟ್ಟಿಲುಗಳನ್ನು ವಾಚಕರು ಕಂಡಿರಬಹುದು. ಝಾಡಮಾಲಿಯು ಮನೆಯೊಳಗೆ ಕಾಲಿಡದೆ ಬಂದುಹೋಗಲು ಮಾಡಿದ ದಾರಿಯದು. ಗಾಳಿ-ಬೆಳಕಿಗಾಗಿ ಕೋನವನ್ನು ಅಳೆದ ನಗರವು ಮನುಷ್ಯ-ಮನುಷ್ಯರ ನಡುವಣ ದೂರವನ್ನೂ ಹೀಗೆ ಅಳೆದಿಟ್ಟಿತ್ತು. ಮಾಟುಂಗಾದ ಈ ಗೃಹಚರಿತ್ರೆಯನ್ನು ನಿಖಿಲ್ ರಾವ್ ಅವರು ೨೦೧೩ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ತಮಿಳರು, ಮಲೆಯಾಳಿಗಳು, ಕನ್ನಡಿಗರು, ಕೊಂಕಣಿಗರು ಎಂದು ತಮ್ಮತಮ್ಮ ಊರುಗಳಲ್ಲಿ ಬೇರೆಬೇರೆಯಾಗಿದ್ದವರು ಇಲ್ಲಿ ‘ದಕ್ಷಿಣ ಭಾರತೀಯ’ರೆಂಬ ಒಂದೇ ಹೆಸರಿನಡಿಯಲ್ಲಿ ಒಂದುಗೂಡಿದ ಪ್ರಕ್ರಿಯೆಯನ್ನೂ ಅವರು ತೋರಿಸಿಕೊಟ್ಟಿದ್ದಾರೆ.

ಇವರು ಬಂದುದೇಕೆ? ಬೆರಳಚ್ಚು, ಶೀಘ್ರಲಿಪಿ, ಲೆಕ್ಕಪತ್ರ, ತಪ್ಪಿಲ್ಲದ ಇಂಗ್ಲಿಷು: ಈ ನಾಲ್ಕು ವಿದ್ಯೆಗಳಿಗೆ ಮುಂಬಯಿಯ ಕಂಪನಿಗಳಲ್ಲಿಯೂ ರೈಲ್ವೆಯಲ್ಲಿಯೂ ಬ್ಯಾಂಕುಗಳಲ್ಲಿಯೂ ಬೇಡಿಕೆಯಿದ್ದಿತು. ಮಾಟುಂಗಾದಿಂದ ಬೋರಿಬಂದರಿಗೆ ನೇರ ರೈಲು. ಮುಖ್ಯ ಮಾರ್ಗದಲ್ಲಿ ೧೯೨೬ರಿಂದ ವಿದ್ಯುತ್ ಗಾಡಿ. ಕಿಂಗ್ಸ್ ಸರ್ಕಲ್‌ವರೆಗೆ ಟ್ರಾಮು. ೧೯೬೪ರಲ್ಲಿ ಮುಂಬಯಿಯ ಟ್ರಾಮುಗಳು ನಿಂತುಹೋದುವು. ವೃತ್ತದ ಹೆಸರು ಬದಲಾಯಿತು. ‘ಕಿಂಗ್ಸ್ ಸರ್ಕಲ್’ ಎಂಬುದು ಮಾತ್ರ ಜನರ ಬಾಯಿಂದ ಹೋಗಿಲ್ಲ.

ಮದುವೆಯಾಗದ ಅಥವಾ ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ಮನೆಗಿಂತ ಮೊದಲು ಬೇಕಾದುದು ಊಟ. ಈ ಅಗತ್ಯದಿಂದ ಹುಟ್ಟಿದುವು ಇಲ್ಲಿನ ಊಟದ ಮನೆಗಳು. ೧೯೩೯ರ ರಾಮಾಶ್ರಯ, ೧೯೪೦ರ ಕೆಫೆ ಮದ್ರಾಸ್, ೧೯೪೨ರಲ್ಲಿ ರಾಮನಾಯಕರು ನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವು ಇಂದಿಗೂ ನಡೆಯುತ್ತಿವೆ. ಯುದ್ಧದ ದಿನಗಳು; ೧೯೪೩ರಲ್ಲಿ ಮುಂಬಯಿಗೆ ಧಾನ್ಯದ ಪಡಿತರ ಬಂದಿತು. ಅಂಥ ಕಾಲದಲ್ಲಿ ಬಾಳೆಯೆಲೆಯ ಮೇಲೆ ಅನ್ನ-ಸಾರುಗಳನ್ನು ಬಡಿಸುವ ಸ್ಥಳವು ಒಂಟಿಬಾಳಿನ ಯುವಕನಿಗೆ ಏನಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ‘ಉಡುಪಿ’ ಎಂಬ ಸ್ಥಳನಾಮವು ಮುಂಬಯಿಯ ಎಲ್ಲ ಭಾಷೆಗಳಲ್ಲಿಯೂ ಸಸ್ಯಾಹಾರದ ಹೋಟೆಲೆಂಬ ಅರ್ಥದ ಸಾಮಾನ್ಯ ನಾಮವಾದುದು ಕನ್ನಡನಾಡು ಈ ನಗರದ ನಿಘಂಟಿಗೆ ಕೊಟ್ಟ ಕಾಣಿಕೆ.

ಆದರೆ ಎಲೆಯ ಮುಂದೆ ಕುಳಿತವರ ಚರಿತ್ರೆಯನ್ನು ಬರೆದು, ಎಲೆ ಎತ್ತಿದವರ ಚರಿತ್ರೆಯನ್ನು ಬಿಟ್ಟರೆ ಅದು ಅರ್ಧ ಚರಿತ್ರೆ. ಹತ್ತು-ಹನ್ನೆರಡು ವಯಸ್ಸಿಗೆ ತುಳುನಾಡಿನಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಬೆಂಚುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗಿದ ಹುಡುಗರು ಎಷ್ಟು ಮಂದಿ! ಅವರಲ್ಲಿ ಛಲವಿದ್ದವರು ಕೋಟೆ ಭಾಗವೇ ಮೊದಲಾದ ಕಡೆಗಳಲ್ಲಿದ್ದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಪರೀಕ್ಷೆ ದಾಟಿ, ಕೆಲವರು ತಾವೇ ಹೋಟೆಲಿನ ಒಡೆಯರಾದರು. ಕೆಲವರು ವಕೀಲರೂ ಅಧ್ಯಾಪಕರೂ ಆದರು. ಮುಂಬಯಿ ಕನ್ನಡದ ಅಕ್ಷರಪರಂಪರೆಯು ಸಭಾಭವನದಲ್ಲಿ ಎಷ್ಟು ಬೆಳೆದಿದೆಯೋ ಅಡಿಗೆಮನೆಯ ಹಿಂಬಾಗಿಲಲ್ಲಿಯೂ ಅಷ್ಟೇ ಬೆಳೆದಿದೆ.

೬

ಹೊಟ್ಟೆ ತುಂಬಿದ ಮೇಲೆ ಸಭೆ. ಆಸ್ತಿಕ ಸಮಾಜದ ಗುಡಿ, ಶಂಕರ ಮಠ, ಕನ್ಯಕಾ ಪರಮೇಶ್ವರಿಯ ದೇವಸ್ಥಾನ ಇವೆಲ್ಲ ಕೆಲವೇ ನಿಮಿಷಗಳ ನಡಿಗೆಯೊಳಗಿವೆ. ಗುಡಿಗಳಿಂದಾಗಿ ಹೂವಿನ ಸಾಲು, ಹೂವಿನ ಸಾಲಿನಿಂದಾಗಿ ಬಾಳೆಯೆಲೆಯವರು, ಅವರ ಮಗ್ಗುಲಲ್ಲಿ ಕಾಫಿಬೀಜ ಹುರಿದು ಪುಡಿಮಾಡುವ ಅಂಗಡಿಗಳು. ೧೯೩೨ರಲ್ಲಿ ದಕ್ಷಿಣ ಭಾರತೀಯ ವಿದ್ಯಾಸಂಸ್ಥೆಯು ಹುಟ್ಟಿತು. ೧೯೫೨ರಲ್ಲಿ ಷಣ್ಮುಖಾನಂದ ಸಂಗೀತ ಸಭೆಯು ರೂಪುಗೊಂಡು ೧೯೬೩ರಲ್ಲಿ ತನ್ನ ಮಹಾಭವನವನ್ನು ಕಟ್ಟಿಸಿತು. ೧೯೯೦ರಲ್ಲಿ ಅದು ಬೆಂಕಿಗೆ ಆಹುತಿಯಾಗಿ, ೧೯೯೮ರಲ್ಲಿ ಮತ್ತೆ ತೆರೆಯಿತು.

ಕನ್ನಡದ ಪಾಲಿಗೆ ೧೯೨೬ ಮುಖ್ಯವಾದ ವರ್ಷ. ಅಂದು ಸ್ಥಾಪಿತವಾದ ಮೈಸೂರು ಅಸೋಸಿಯೇಶನ್ನಿನ ಮಂದಿರವು ಭಾವೂ ದಾಜಿ ರಸ್ತೆಯಲ್ಲಿದೆ. ನಾಟಕ, ಉಪನ್ಯಾಸಮಾಲೆ, ‘ನೇಸರು’ ಪತ್ರಿಕೆಗಳ ಮೂಲಕ ಅದು ನಮಗೆಲ್ಲ ಪರಿಚಿತ. ೧೯೩೩ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘವು ರೈಲುಹಳಿಗಳ ಪಶ್ಚಿಮಕ್ಕೆ ಇದ್ದು, ತನ್ನ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟಿದೆ. ಒಂದು ‘ಮೈಸೂರು’, ಇನ್ನೊಂದು ‘ಕರ್ನಾಟಕ’. ಏಕೀಕರಣಕ್ಕೆ ಮೊದಲಿನ ನಮ್ಮ ಹರಿದ ಭೂಪಟವು ಈ ಎರಡು ಹೆಸರುಗಳಲ್ಲಿ ಉಳಿದುಕೊಂಡಿದೆ. ಆ ಹರಕನ್ನು ಹೊಲಿದುದು ಇವೆರಡರ ಅಂಗಳಗಳಲ್ಲಿ ಕಲೆತ ಜನ. ಹಳೆ ಮೈಸೂರಿನವರು, ಧಾರವಾಡದವರು, ಕರಾವಳಿಯವರು ಒಬ್ಬರ ಆಡುನುಡಿಯನ್ನು ಇನ್ನೊಬ್ಬರು ಕೇಳಿದುದು ಬೆಂಗಳೂರಿನಲ್ಲಿ ಆಗುವುದಕ್ಕೆ ಮೊದಲೇ ಮುಂಬಯಿಯಲ್ಲಿ ಆಗಿದ್ದಿತು.

ಇಷ್ಟಾದರೂ ಹೊರಗಿನವರ ಕಣ್ಣಿಗೆ ಇವರೆಲ್ಲರೂ ‘ಮದ್ರಾಸಿ’ಗಳು. ೧೯೬೦ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣದವರ ವಿರುದ್ಧ ಚಳವಳಿಯೆದ್ದು, ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ಮದರಾಸನ್ನು ಕಣ್ಣಿನಿಂದಲೂ ಕಾಣದ ಹೊನ್ನಾವರದವನೂ ಧಾರವಾಡದವನೂ ಮದ್ರಾಸಿಯೇ ಆದನು. ಆ ಕಹಿಯನ್ನು ಕೆದಕುವುದು ಇಲ್ಲಿನ ಉದ್ದೇಶವಲ್ಲ. ಚಂದಾವರಕರ ರಸ್ತೆಯ ಹಲಗೆಯು ಅದೇ ಬೀದಿಯಲ್ಲಿ ನಿಂತು ಬೇರೊಂದು ಸಾಕ್ಷಿಯನ್ನು ಹೇಳುತ್ತಿದ್ದಿತು. ಅದನ್ನು ಓದಿ ತೋರಿಸುವವರು ಆಗ ಇರಲಿಲ್ಲ ಎಂಬುದಷ್ಟೇ ನಮ್ಮ ಖೇದ.

೭

ಇಂದಿನ ಸ್ಥಿತಿಯನ್ನು ಹೇಳಿ ಮುಗಿಸಬೇಕು. ೨೦೧೭ರಲ್ಲಿ ಮಾಟುಂಗಾ ನಿಲ್ದಾಣವು ಸಿಬ್ಬಂದಿಯೆಲ್ಲರೂ ಮಹಿಳೆಯರೇ ಆಗಿರುವ ನಿಲ್ದಾಣವೆಂದು ಹೆಸರಾಯಿತು. ಅಂಬೇಡಕರ ರಸ್ತೆಯ ಮೇಲ್ಸೇತುವೆಯ ಕೆಳಗೆ ಪಾಳುಬಿದ್ದಿದ್ದ ಜಾಗವನ್ನು ೨೦೧೬ರಲ್ಲಿ ಉದ್ಯಾನವನ್ನಾಗಿ ಮಾಡಿ, ಅದರ ನಡುವಣ ಕಾಲುದಾರಿಗೆ ನರ್ಮದೆಯ ಹರಿವಿನ ಆಕಾರವನ್ನು ಕೊಟ್ಟಿದ್ದಾರೆ. ಇವು ಸಂತೋಷದ ಸಂಗತಿಗಳು.

ಇನ್ನೊಂದು ಸಂಗತಿಯಿದೆ. ೧೯೪೭ರ ಬಾಡಿಗೆ ನಿಯಂತ್ರಣ ಶಾಸನವು ಬಾಡಿಗೆಯನ್ನು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಲ್ಲಿಸಿತು. ಅದರಿಂದ ಬಾಡಿಗೆದಾರನು ತಲೆಮಾರುಗಳ ಕಾಲ ನೆಲೆನಿಂತನು. ಆದರೆ ಕಟ್ಟಡವನ್ನು ದುರಸ್ತಿಮಾಡಲು ಒಡೆಯನಿಗೆ ಕಾರಣವೇ ಇಲ್ಲವಾಯಿತು. ಹೀಗೆ ಜನರನ್ನು ಉಳಿಸಿದ ಕಾನೂನೇ ಮನೆಗಳನ್ನು ಸವೆಯಿಸಿತು. ಸವೆದ ಮನೆಗಳು ಈಗ ಒಂದೊಂದಾಗಿ ಉರುಳಿ, ಮೂರು ಅಂತಸ್ತಿನ ಸ್ಥಳದಲ್ಲಿ ಗೋಪುರಗಳು ಏಳುತ್ತಿವೆ. ಎತ್ತರದ ಅರ್ಧದಷ್ಟು ತೆರಪು ಎಂಬ ಹಳೆಯ ಲೆಕ್ಕಕ್ಕೆ ಅಲ್ಲಿ ಸ್ಥಳವಿಲ್ಲ. ಹೊಸ ಮನೆ ದೊರೆತವರನ್ನು ದೂರುವುದು ನ್ಯಾಯವಲ್ಲ. ಸೋರುವ ಸೂರಿನಡಿಯಲ್ಲಿ ಇತಿಹಾಸಕ್ಕಾಗಿ ಬದುಕಿರೆಂದು ಯಾರಿಗೂ ಹೇಳಲಾಗದು. ಮಕ್ಕಳು ಡೊಂಬಿವಲಿಗೋ ಮುಲುಂಡಕ್ಕೋ ವಿದೇಶಕ್ಕೋ ಹೋದ ಮೇಲೆ ಮನೆಯನ್ನು ಬಿಟ್ಟುಕೊಟ್ಟ ಹಿರಿಯರೂ ಅನೇಕರು.

ಕೆಲವು ವರ್ಷಗಳ ಕೆಳಗೆ ಈ ಲೇಖಕನು ಇಲ್ಲಿನ ಒಂದು ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕಪ್ಪು ಬಣ್ಣದ ಮರದ ಹಲಗೆಯೊಂದನ್ನು ಕಂಡನು. ಅಂತಸ್ತಿನ ಕ್ರಮದಲ್ಲಿ ನಿವಾಸಿಗಳ ಹೆಸರುಗ��ನ್ನು ಬಿಳಿ ಬಣ್ಣದಿಂದ ಬರೆದಿದ್ದರು. ಒಂದು ಭಟ್, ಎರಡು ಅಯ್ಯರ್, ಒಂದು ಕಾಮತ್, ಒಂದು ಕುಲಕರ್ಣಿ, ಒಂದು ಶಾಹ. ಕೆಲವು ಹೆಸರುಗಳ ಮೇಲೆ ಹೊಸ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದರೂ ಹಳೆಯದು ಕೆಳಗಿನಿಂದ ಇಣುಕುತ್ತಿದ್ದಿತು. ಶಾಸನದ ಭಾಷೆಯಲ್ಲಿ ಹೇಳುವುದಾದರೆ ಅದು ಮರುಬಳಕೆಯ ಪಟ. ಅಂದು ಅದನ್ನು ನಕಲು ಮಾಡಿಕೊಳ್ಳಬೇಕೆಂದುಕೊಂಡು, ಇನ್ನೊಮ್ಮೆ ಬರೋಣವೆಂದು ಮುಂದೆ ನಡೆದನು. ಇನ್ನೊಮ್ಮೆ ಹೋದಾಗ ತಗಡಿನ ಬೇಲಿಯಿದ್ದಿತು. ಒಳಗೆ ಅಗೆದ ಹೊಂಡವಿದ್ದಿತು. ಹಲಗೆ ಏನಾಯಿತೆಂದು ಕೇಳಿದಾಗ ಕಾವಲುಗಾರನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೇರೆಯವರ ಅಲಕ್ಷ್ಯವನ್ನು ಆಡುವ ಅಧಿಕಾರ ಈ ಲೇಖಕನಿಗಿಲ್ಲ.

ಒಂಬೈನೂರು ವರ್ಷಗಳ ಹಿಂದಿನ ದಾನಶಾಸನದಲ್ಲಿ ಒಂದು ಅಕ್ಷರ ಮುಕ್ಕಾಗಿದ್ದರೆ ನಾವು ಅದನ್ನು ಕುರಿತು ಚರ್ಚಿಸುತ್ತೇವೆ, ಅದು ಯುಕ್ತವೇ. ಆದರೆ ನಮ್ಮ ತಂದೆ-ತಾಯಿಗಳು ಬಾಳಿದ ಬೀದಿಯ ದಾಖಲೆಗಳು ನಮ್ಮ ಕಣ್ಣೆದುರಿನಲ್ಲಿಯೇ ರದ್ದಿಗೆ ಹೋಗುತ್ತಿವೆ. ಬಾಡಿಗೆಯ ರಸೀತಿ, ಬೋರ್ಡಿಂಗಿನ ಊಟದ ಚೀಟಿ, ರಾತ್ರಿಶಾಲೆಯ ಹಾಜರಿ ಪುಸ್ತಕ, ನಾಟಕದ ಕರಪತ್ರ, ಮದುವೆಯ ಕರೆಯೋಲೆ, ಮೆಟ್ಟಿಲ ಬುಡದ ಹೆಸರುಹಲಗೆ: ಇವೆಲ್ಲ ಮುಂಬಯಿ ಕನ್ನಡಿಗರ ಚರಿತ್ರೆಯ ಆಕರಗಳು. ಇವುಗಳಲ್ಲಿ ಯಾವುದು ಯಾರ ಕೈಯಲ್ಲಿದ್ದರೂ, ಅದು ಅವರ ಸ್ವಂತದ್ದೆಂದು ಭಾವಿಸದೆ, ಅದರ ನಕಲನ್ನಾದರೂ ತಮಗೆ ಸಮೀಪದ ಕನ್ನಡ ಸಂಘದ ಗ್ರಂಥಭಂಡಾರಕ್ಕೆ ತಲಪಿಸಿದರೆ ಮಹದುಪಕಾರವಾದೀತು.

ವಾಚಕರು ಮುಂದಿನ ಸಲ ಬಾಳೆಯೆಲೆಗೆಂದು ಮಾಟುಂಗಾಕ್ಕೆ ಹೋದಾಗ ಅರ್ಧ ಗಂಟೆಯನ್ನು ಹೆಚ್ಚಾಗಿ ಇರಿಸಿಕೊಳ್ಳಲಿ. ಜೇಬಿನಲ್ಲಿ ಒಂದು ಸೀಸದ ಕಡ್ಡಿ, ಒಂದು ಹಾಳೆ ಇದ್ದರೆ ಸಾಕು. ಹಲಗೆ ಕಂಡಲ್ಲಿ ನಿಂತು ಬರೆದುಕೊಳ್ಳಲಿ; ಇನ್ನೊಮ್ಮೆ ಬರೋಣವೆಂದು ಮುಂದೆ ಹೋಗದಿರಲಿ.